ಪುರಾವೆ ಸಿಗುವ ಮುಂಚೆ ಅನುಮಾನ ಹಂಚಬಹುದಾ?

ಪರ: ಕೇಳದಿದ್ದರೆ ಯಾರೂ ಬಾಯಿ ಬಿಡುವುದಿಲ್ಲ

ದೊಡ್ಡ ಕಂಪನಿಗಳು ಗುಟ್ಟಾಗಿ ಅಪರಾಧ ಮಾಡುತ್ತವೆ ಅಂದರೆ ತಲೆಕೆಟ್ಟ ಮಾತು ಅನ್ನುವವರಿದ್ದಾರೆ. ಅವರು ಅಮೆರಿಕದ ಸಿಗರೇಟು ಕಂಪನಿಗಳ ಕಥೆ ಕೇಳಬೇಕು. 1953ರ ಡಿಸೆಂಬರ್‌ನಲ್ಲಿ ಅವುಗಳ ಮುಖ್ಯಸ್ಥರು ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಸೇರಿದರು. ಮರು ತಿಂಗಳೇ 400ಕ್ಕೂ ಜಾಸ್ತಿ ಪತ್ರಿಕೆಗಳಲ್ಲಿ ಜಾಹೀರಾತು ಬಂತು. ನಮ್ಮ ಸರಕಿನಿಂದ ಆರೋಗ್ಯಕ್ಕೆ ತೊಂದರೆಯಿಲ್ಲ ಎಂದೇ ನಂಬಿದ್ದೇವೆ ಅಂತ ಅದರಲ್ಲಿತ್ತು. ಅವರೆಲ್ಲ ಸೇರಿ ದಶಕಗಳ ಕಾಲ ಜನರಿಗೆ ಮೋಸ ಮಾಡಿದರು ಎಂದು ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿದ್ದು 2006ರಲ್ಲಿ. ಅದೂ ಮಾಫಿಯಾ ಗುಂಪುಗಳನ್ನು ಹಿಡಿಯಲು ಮಾಡಿದ ಕಾನೂನಿನ ಅಡಿಯಲ್ಲಿ!

ಎಚ್‌ಎಸ್‌ಬಿಸಿ ಬ್ಯಾಂಕನ್ನೇ ನೋಡಿ. ಮೆಕ್ಸಿಕೋದ ಡ್ರಗ್ಸ್ ದಂಧೆಯ ಹಣ ತನ್ನ ಮೂಲಕ ಹರಿದಿದ್ದನ್ನು ಒಪ್ಪಿಕೊಂಡು 2012ರಲ್ಲಿ ಸುಮಾರು 190 ಕೋಟಿ ಡಾಲರ್ ಕಟ್ಟಿತು. ಹಿರಿಯ ಅಧಿಕಾರಿ ಒಬ್ಬರೂ ಜೈಲಿಗೆ ಹೋಗಲಿಲ್ಲ. ಇದನ್ನೆಲ್ಲ ಕಂಡ ಜನ ಅನುಮಾನಪಟ್ಟರೆ ತಪ್ಪೇನು?

ಮೊದಲು ಪುರಾವೆ ತನ್ನಿ, ಆಮೇಲೆ ಮಾತಾಡಿ ಎನ್ನುತ್ತಾರೆ. ಪುರಾವೆ ಇರುವುದು ಕಂಪನಿಯ ಬೀರುವಿನಲ್ಲಿ. ನಮ್ಮಂಥವರ ಹತ್ತಿರ ಪ್ರಯೋಗಾಲಯವೂ ಇಲ್ಲ, ದುಬಾರಿ ವಕೀಲರೂ ಇಲ್ಲ. ಇರುವುದು ಒಂದು ಫೋನು. ನಾಲ್ಕು ಜನ ಕೇಳಿದರೆ ಉತ್ತರ ಬರುವುದಿಲ್ಲ, ನಾಲ್ಕು ಲಕ್ಷ ಜನ ಕೇಳಿದರೆ ಬರುತ್ತದೆ. ಕೆಲವು ಅನುಮಾನ ಸುಳ್ಳಾಗಬಹುದು. ಅದಕ್ಕೆ ಹೆದರಿ ಎಲ್ಲರೂ ಬಾಯಿ ಮುಚ್ಚಿಕೊಂಡರೆ ಲಾಭ ಯಾರಿಗೆ?

ವಿರೋಧ: ಹಂಚಿದ ಕೂಡಲೇ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ

ಸಿಗರೇಟು ಕಂಪನಿಗಳು ಮೋಸ ಮಾಡಿದ್ದು ನಿಜ. ಅವು ಸಿಕ್ಕಿಬಿದ್ದಿದ್ದು ಹೇಗೆ? 1994ರಲ್ಲಿ ಒಂದು ಕಂಪನಿಯ ಸಾವಿರಾರು ಪುಟ ಒಳಗಿನ ಕಾಗದಗಳು ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಒಬ್ಬರ ಕೈಸೇರಿದವು. ಫೋಕ್ಸ್‌ವ್ಯಾಗನ್ ಕೂಡ ಹಾಗೇ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಕಾರಿನ ಹೊಗೆ ಕೊಳವೆಗೆ ಉಪಕರಣ ಜೋಡಿಸಿ, ರಸ್ತೆಯಲ್ಲಿ ಓಡಿಸಿ ಅಳೆದರು. ಪರೀಕ್ಷೆ ನಡೆಯುವಾಗ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಸುಮಾರು 1.1 ಕೋಟಿ ಕಾರುಗಳಲ್ಲಿದೆ ಎಂದು 2015ರಲ್ಲಿ ಹೊರಬಂತು. ಎರಡರಲ್ಲೂ ಯಾರೋ ಕೂತು ಓದಿದರು, ಅಳೆದರು.

ಈಗ 2020ರ ಜುಲೈಗೆ ಬನ್ನಿ. ಅಮೆರಿಕದಲ್ಲಿ ಆನ್‌ಲೈನ್ ಪೀಠೋಪಕರಣ ಮಾರುವ ವೇಫೇರ್ ಕಂಪನಿಯ ಕೆಲವು ಕಪಾಟುಗಳಿಗೆ 10 ಸಾವಿರ ಡಾಲರ್‌ಗಿಂತ ಜಾಸ್ತಿ ಬೆಲೆಯಿತ್ತು. ಅವಕ್ಕೆ ಹುಡುಗಿಯರ ಹೆಸರಿತ್ತು. ಅಷ್ಟೇ ಸಾಕಾಯಿತು. ಕಪಾಟಿನ ನೆಪದಲ್ಲಿ ಕಂಪನಿ ಕಾಣೆಯಾದ ಮಕ್ಕಳನ್ನು ಮಾರುತ್ತಿದೆ ಅಂತ ಸುದ್ದಿ ಹಬ್ಬಿತು. ಇವು ಕೈಗಾರಿಕಾ ಬಳಕೆಯ ಕಪಾಟುಗಳು, ಬೆಲೆ ಸರಿಯಾಗಿಯೇ ಇದೆ ಎಂದು ಕಂಪನಿ ಹೇಳಿತು. ಯಾರೂ ಕೇಳಲಿಲ್ಲ.

ಜನ ಆಗ ಪುರಾವೆ ಅಂತ ತೋರಿಸಿದ್ದು ಏನು ಗೊತ್ತಾ? ಕಪಾಟಿನ ಕೋಡ್ ನಂಬರನ್ನು ಯಾಂಡೆಕ್ಸ್ ಎಂಬ ರಷ್ಯಾದ ಸರ್ಚ್‌ನಲ್ಲಿ ಹಾಕಿದರೆ ಹುಡುಗಿಯರ ಫೋಟೋ ಬರುತ್ತದೆ ಎಂದು. ಬಾಯಿಗೆ ಬಂದ ಯಾವುದೋ ಅಂಕಿ ಹಾಕಿದರೂ ಅಂಥದೇ ಫೋಟೋಗಳು ಬರುತ್ತಿದ್ದವು. ಒಂದು ನಿಮಿಷ ಬೇರೆ ನಂಬರ್ ಹಾಕಿ ನೋಡಿದ್ದರೆ ಸಾಕಿತ್ತು. ಅಲ್ವಾ? ಕಾಣೆಯಾಗಿದ್ದಾಳೆ ಎಂದು ಎಲ್ಲರೂ ಹಂಚುತ್ತಿದ್ದ ಒಬ್ಬಳು ಫೇಸ್‌ಬುಕ್ ಲೈವ್‌ಗೆ ಬಂದು, ನಾನು ಕಾಣೆಯಾಗಿಲ್ಲ ಅಂತ ಹೇಳಬೇಕಾಯಿತು.

ಇದಕ್ಕಿಂತ ಸಂಕಟದ ವಿಷಯ ಇನ್ನೊಂದಿದೆ. ಅಮೆರಿಕದ ಮಾನವ ಸಾಗಣೆ ತಡೆ ಸಹಾಯವಾಣಿಯನ್ನು ಆಗ ಪೊಲಾರಿಸ್ ಎಂಬ ಸಂಸ್ಥೆ ನಡೆಸುತ್ತಿತ್ತು. ವೇಫೇರ್ ಬಗ್ಗೆ ಬಂದ ದೂರುಗಳ ಪ್ರವಾಹದಿಂದ ನಿಜವಾಗಿ ಕಷ್ಟದಲ್ಲಿರುವವರಿಗೆ ಸಹಾಯ ಮಾಡುವುದೇ ಕಷ್ಟವಾಗಿದೆ ಎಂದು ಅದು ಹೇಳಿಕೆ ಕೊಟ್ಟಿತು. ಮಕ್ಕಳನ್ನು ಉಳಿಸಲು ಹೊರಟವರೇ ಮಕ್ಕಳ ಸಹಾಯಕ್ಕೆ ಅಡ್ಡ ನಿಂತಂತಾಯಿತು. ಕೇಳಿದ್ದರಲ್ಲಿ ತಪ್ಪೇನು ಅನ್ನುವವರು ಇದಕ್ಕೆ ಉತ್ತರ ಕೊಡಲಿ.

ನಮ್ಮಲ್ಲಿ ಕಂಪನಿಯ ಹೆಸರಿರಲಿಲ್ಲ, ಭಯ ಮಾತ್ರ ಅದೇ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದ್‌ನ ಎಂಜಿನಿಯರ್ ಒಬ್ಬರ ಜೀವ ಹೋಯಿತು. ಅವರ ಜೊತೆಯವರು ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದೇ ನೆಪ. ಅಲ್ಲಿಂದ ತಪ್ಪಿಸಿಕೊಂಡು ಹೊರಟರೂ ವಾಟ್ಸಾಪ್‌ನಲ್ಲಿ ಹರಿದಾಡಿದ ಸುದ್ದಿ ಅವರಿಗಿಂತ ಬೇಗ ಮುಂದಿನ ಊರು ಮುಟ್ಟಿತ್ತು.

ಕಂಪನಿಯ ಮೇಲೆ ಅನುಮಾನವಿದ್ದರೆ ಪತ್ರಕರ್ತರಿಗೆ ಹೇಳಿ, ಮಾಹಿತಿ ಹಕ್ಕಿನಡಿ ಸರ್ಕಾರಿ ಕಡತ ಕೇಳಿ. ಮಗುವೊಂದು ಅಪಾಯದಲ್ಲಿದೆ ಅನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಎಲ್ಲಿ, ಯಾವಾಗ, ಏನು ಕಂಡಿರಿ, ಅಷ್ಟನ್ನೇ ಹೇಳಿ.