ಶಾರೀರಕ್ಕೊಂದು ಶಾಲು

ಕರ್ನಾಟಕ ಸಂಗೀತದ ವಾಗ್ಗೇಯಕಾರ ತ್ಯಾಗರಾಜರು 1847ರ ಪುಷ್ಯ ಬಹುಳ ಪಂಚಮಿಯಂದು ತಿರುವಯ್ಯಾರಿನಲ್ಲಿ ದೇಹ ಬಿಟ್ಟದ್ದು ಅವರ ಕಡೆಯಿಂದ ಆದ ಒಂದು ಸಣ್ಣ ಅಚಾತುರ್ಯವೆಂದೇ ಹೇಳಬೇಕು. ಏಕೆಂದರೆ ಆ ತಿಥಿ ಬೀಳುವ ಜನವರಿಯ ಆಸುಪಾಸಿನಲ್ಲಿ ಕೋಲಾರದ ನಮ್ಮ ಆರಾಧನೋತ್ಸವದ ಮುಖ್ಯ ಅತಿಥಿಗಳಿಗೆ ಒಂದು ಸಂಜೆಯೂ ಬಿಡುವಿರುವುದಿಲ್ಲ. ಆದ್ದರಿಂದ ಸಮಿತಿಯವರು ಈ ವರ್ಷ ಪಂಚಾಂಗವನ್ನು ಬದಿಗಿಟ್ಟು, ಅತಿಥಿಗಳ ಆಪ್ತ ಸಹಾಯಕರನ್ನು ವಿಚಾರಿಸಿ, ಪುಣ್ಯತಿಥಿಯನ್ನು ಯುಗಾದಿ ಕಳೆದ ಮೂರನೆಯ ಶನಿವಾರಕ್ಕೆ ನಿಗದಿಪಡಿಸಿದರು. ಊಟಕ್ಕೆ ಬರುವವರ ಅನುಕೂಲ ನೋಡಿ ಶ್ರಾದ್ಧದ ದಿನ ಇಟ್ಟುಕೊಳ್ಳುವುದನ್ನು ತಾವು ಈವರೆಗೆ ಕಂಡಿಲ್ಲವೆಂದು ಗೊಣಗಿದ ಹಿರಿಯರೊಬ್ಬರನ್ನು ಸನ್ಮಾನಿತರ ಪಟ್ಟಿಗೆ ಸೇರಿಸಿದ ಮೇಲೆ ಅವರೂ ಸುಮ್ಮನಾದರು.

ಆಹ್ವಾನ ಪತ್ರಿಕೆ ನಾಲ್ಕು ಮಡಿಕೆಯದು. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಬರಿಯ ಉಪಸ್ಥಿತಿ ಎಂದು ಶಿಷ್ಟಾಚಾರಕ್ಕೆ ಕಿಂಚಿತ್ತೂ ಲೋಪವಾಗದಂತೆ 41 ಹೆಸರುಗಳನ್ನು ಅಚ್ಚು ಹಾಕಿಸಿದ್ದರು. ಹಾಡುವವರು ಯಾರೆಂದು ತಿಳಿಯಲು ನಾನು ಕನ್ನಡಕ ಬದಲಿಸಬೇಕಾಯಿತು. ಕೊನೆಯ ಮಡಿಕೆಯ ಬುಡದಲ್ಲಿ, ಮುದ್ರಣಾಲಯದ ದೂರವಾಣಿ ಸಂಖ್ಯೆಯ ಮೇಲುಗಡೆ, "ಸಭಾ ಕಾರ್ಯಕ್ರಮದ ತರುವಾಯ ಸಂಗೀತ" ಎಂಬ ಸಾಲಿನ ನೆರಳಿನಲ್ಲಿ ವಿದ್ವಾಂಸರ ಹೆಸರು ಅಡಗಿ ಕುಳಿತಿತ್ತು. ಪಕ್ಕವಾದ್ಯದವರಿಗೆ ಹೆಸರಿರಲಿಲ್ಲ, ಅವರು "ಮತ್ತು ತಂಡ" ಆಗಿದ್ದರು.

ಕ್ಲಾಕ್ ಟವರ್ ಬಳಿ ಕಟ್ಟಿದ ಫ್ಲೆಕ್ಸಿನಲ್ಲಿ ದಾನಿಗಳು ಆಳೆತ್ತರಕ್ಕೆ ನಿಂತು ಊರಿಗೆಲ್ಲ ಕೈಮುಗಿಯುತ್ತಿದ್ದರೆ, ತಂಬೂರಿ ಹಿಡಿದ ತ್ಯಾಗರಾಜರು ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿದ್ದರು. ತಂಬೂರಿಯ ಅರ್ಧಭಾಗ ದೀಪದ ಕಂಬದ ಹಿಂದೆ ಹೋಗಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮನವರು ತಮ್ಮ ದುಡಿಮೆಯ ಹಣವನ್ನು ಸುರಿದು ತಿರುವಯ್ಯಾರಿನಲ್ಲಿ ಆ ಮಹಾನುಭಾವರ ಸಮಾಧಿಗೆ ಗುಡಿ ಕಟ್ಟಿಸಿದರು, ಹೆಂಗಸರು ಅಲ್ಲಿ ಹಾಡಕೂಡದೆಂದವರನ್ನು ಎದುರಿಸಿ ಹಾಡಿದರು, 1952ರಲ್ಲಿ ತೀರಿಕೊಂಡರು. ಅವರ ಪ್ರತಿಮೆ ಇಂದಿಗೂ ಅಲ್ಲಿ ಕೈಮುಗಿದು ಕುಳಿತಿದೆ, ಮುಖ ಸಮಾಧಿಯ ಕಡೆಗೆ. ಐದು ಡಜನ್ ಪ್ಲಾಸ್ಟಿಕ್ ಕುರ್ಚಿಗಳ ಬಾಡಿಗೆ ಕೊಟ್ಟ ನಮ್ಮ ದಾನಿಗಳೂ ಕೈಮುಗಿದೇ ಇದ್ದರು, ಆದರೆ ಮುಖ ಬಸ್ ನಿಲ್ದಾಣದ ಕಡೆಗೆ. ಸಮಿತಿಯವರು ತ್ಯಾಗರಾಜರ ಮಾರ್ಗವನ್ನು ಪೂರ್ತಿ ಬಿಟ್ಟಿದ್ದಾರೆಂದು ಇದರಿಂದ ಯಾರೂ ತಿಳಿಯಬಾರದು. ತ್ಯಾಗರಾಜರು ಬೀದಿಯಲ್ಲಿ ಹಾಡುತ್ತ, ಭಿಕ್ಷೆ ಎತ್ತಿ ಬದುಕುವ ಉಂಛವೃತ್ತಿ ಮಾಡುತ್ತಿದ್ದರಷ್ಟೆ. ಇವರೂ ಹದಿನೈದು ದಿನ ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಹತ್ತಿಳಿದರು. ಹಾಡನ್ನು ಮಾತ್ರ ಬಿಟ್ಟಿದ್ದರು.

ಆ ಸಂಜೆ ಐದೂವರೆಗೆ ರಂಗಮಂದಿರದ ಗೇಟಿನ ಬಳಿ ಹತ್ತಿರದ ಹಳ್ಳಿಯೊಂದರ ನಾಗಸ್ವರದವರು ಇಬ್ಬರು, ಡೋಲಿನವರು ಒಬ್ಬರು, ಮಂಗಳವಾದ್ಯಕ್ಕೆಂದು ಬಂದು ಜಮಖಾನೆ ಕೂಡ ಇಲ್ಲದ ಮೆಟ್ಟಿಲ ಮೇಲೆ ಕುಳಿತಿದ್ದರು. ಅತಿಥಿಗಳ ಕಾರು ಕಂಡಾಗ ಜೋರಾಗಿ ನುಡಿಸುವುದು, ಅವರು ಒಳಗೆ ಹೋದೊಡನೆ ನಿಲ್ಲಿಸುವುದು, ಇಷ್ಟೇ ಅವರಿಗೆ ಒಪ್ಪಿಸಿದ ಕೆಲಸ. ಕಾರು ಬರಲಿಲ್ಲ. ಕಾರ್ಯದರ್ಶಿಗಳು ಮೊಬೈಲನ್ನು ಕಿವಿಗೊತ್ತಿಕೊಂಡು "ಸಾಹೇಬರು ಹೊಸಕೋಟೆ ದಾಟಿದರಂತೆ" ಎಂದು ಆರು ಗಂಟೆಗೂ, "ನರಸಾಪುರ ಬಿಟ್ಟರಂತೆ" ಎಂದು ಆರೂಮುಕ್ಕಾಲಿಗೂ ಘೋಷಿಸುತ್ತಿರುವಾಗ, ಹಿರಿಯ ನಾಗಸ್ವರದವರು ಸುಮ್ಮನೆ ಕುಳಿತೇನು ಮಾಡುವುದೆಂದು ವಾದ್ಯಕ್ಕೆ ತೂಗುಬಿಟ್ಟಿದ್ದ ಪೀಪಿಗಳಲ್ಲಿ ಒಂದನ್ನು ಆರಿಸಿ, ತುಟಿಯಲ್ಲಿ ಒದ್ದೆ ಮಾಡಿ, ತೋಡಿಯನ್ನು ಎತ್ತಿಕೊಂಡರು. ನಾಗಸ್ವರದ ದಿಗ್ಗಜ ರಾಜರತ್ನಂ ಪಿಳ್ಳೈ ಅವರ ಹೆಸರಿಗೆ ಅಂಟಿಕೊಂಡ ತೋಡಿ ಅದು, ಆತುರದವರ ರಾಗವಲ್ಲ. ನಮ್ಮ ಹಿರಿಯರು ಗಾಂಧಾರ ಸ್ವರದ ಮೇಲೆ ನಿಂತು ಅದನ್ನು ಅಲುಗಿಸಿ, ಇನ್ನೂ ಸಮಯವಿದೆಯೆಂಬಂತೆ ಮತ್ತೆ ಕೆಳಗಿಳಿದು, ಸುಮಾರು ಮುಕ್ಕಾಲು ಗಂಟೆ ಆಲಾಪನೆ ಮಾಡಿದರು. ಕೇಳಿದವರು ಮಲ್ಲಿಗೆ ಮಾರುವ ಒಬ್ಬ ಅಜ್ಜಿ, ಬಾಡಿಗೆಗೆ ಕಾದಿದ್ದ ಇಬ್ಬರು ಆಟೊದವರು, ಮತ್ತು ಚಪ್ಪಲಿ ಬಿಡಲು ಜಾಗ ಹುಡುಕುತ್ತಿದ್ದ ನಾನು. ಒಳಗಿದ್ದ ಸಂಗೀತಾಭಿಮಾನಿಗಳಿಗೆ ಮೈಕ್ ಪರೀಕ್ಷೆ ನಡೆಯುತ್ತಿತ್ತು. ರಾಗವು ತಾರಸ್ಥಾಯಿಗೆ ಏರಿ ಷಡ್ಜದ ಹೊಸ್ತಿಲಲ್ಲಿದ್ದಾಗ ಕಾರು ಬಂತು. ಕಾರ್ಯದರ್ಶಿಗಳು ಎರಡೂ ಕೈಗಳಿಂದ ಸನ್ನೆ ಮಾಡಿದರು. ತೋಡಿ ಅಲ್ಲಿಯೇ ನಿಂತು ಗಟ್ಟಿಮೇಳವಾಯಿತು.

ಒಳಗೆ ಸಭಾ ಕಾರ್ಯಕ್ರಮ. ಮುಖ್ಯ ಅತಿಥಿಗಳು ಮುಳಬಾಗಿಲಿನ ಶ್ರೀಪಾದರಾಜರಿಂದ ಆರಂಭಿಸಿದರು. ಶ್ರೀಪಾದರಾಜರಲ್ಲಿ ವ್ಯಾಸರಾಯರು ಕಲಿತರು, ವ್ಯಾಸರಾಯರಿಂದ ಪುರಂದರದಾಸರು ದೀಕ್ಷೆ ಪಡೆದರು, ಪುರಂದರದಾಸರು ಕರ್ನಾಟಕ ಸಂಗೀತದ ಪಿತಾಮಹರಾದರು ಎಂಬವರೆಗೆ ಅವರ ಮಾತು ನಿಜವಾಗಿಯೂ ಸೊಗಸಾಗಿತ್ತು, ನಮ್ಮ ಜಿಲ್ಲೆಯವರು ಎದೆಯುಬ್ಬಿಸಿಕೊಳ್ಳಬಹುದಾದ ಸಂಗತಿಯೂ ಹೌದು. ಆದರೆ ಅಲ್ಲಿಂದ ಮುಂದೆ, ಮುಳಬಾಗಿಲು ಕಡೆಯ ಒಂದು ರಸ್ತೆಗೆ ತಾವು ಮಂಜೂರು ಮಾಡಿಸಿದ ಡಾಂಬರು ಅದೇ ಪರಂಪರೆಯ ಮುಂದುವರಿಕೆಯೆಂದು ಅವರು ಹೇಳಿದಾಗ ಗುರುಶಿಷ್ಯರ ಸಾಲು ನಮಗೆ ಸ್ವಲ್ಪ ಕೈತಪ್ಪಿತು. ಅವರ ನಂತರ ಎದ್ದ ಉಪನ್ಯಾಸಕರು ತ್ಯಾಗರಾಜರ ತೆಲುಗನ್ನು ಇಪ್ಪತ್ತು ನಿಮಿಷ ಕನ್ನಡಕ್ಕಿಳಿಸಿ ವಿವರಿಸಿದರು. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರಿಂದ ಹಿಡಿದು ಮನೆಯ ಅಜ್ಜಿಯವರೆಗೆ ಅರ್ಧ ಊರು ತೆಲುಗಾಡುವ ಕೋಲಾರದಲ್ಲಿ ಇದರ ಅಗತ್ಯ ಎಷ್ಟಿತ್ತೆಂದು ನಾನು ಹೇಳಲಾರೆ.

ಈ ಹೊತ್ತಿಗೆ ವೇದಿಕೆಯ ಪರದೆಯ ಹಿಂದೆ ಬೇರೊಂದು ಸಂಕಟ ನಡೆದಿತ್ತು. ಮೃದಂಗದ ಎಡಮುಖಕ್ಕೆ, ಮಂದ್ರನಾದ ತುಂಬಿ ಬರಲೆಂದು, ಕಚೇರಿಗೆ ಮುನ್ನ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ. ಅದು ಒಣಗಿದರೆ ನಾದ ಕೆಡುತ್ತದೆ. ಮೃದಂಗದವರು ಆರು ಗಂಟೆಗೆ ಮೆತ್ತಿದ ರವೆ ಸ್ವಾಗತ ಭಾಷಣಕ್ಕೇ ಬಿರುಕು ಬಿಟ್ಟಿತ್ತು. ಅದನ್ನು ಕೆರೆದು ಮತ್ತೆ ಮೆತ್ತಿದ್ದು ಉಪನ್ಯಾಸಕ್ಕೆ ಬಲಿಯಾಯಿತು. ಮೂರನೆಯ ಬಾರಿಗೆ ಡಬ್ಬಿಯಲ್ಲಿ ರವೆಯೇ ಉಳಿದಿರಲಿಲ್ಲ. ಅಡುಗೆಯವರನ್ನು ಕೇಳಿದರೆ, ತಂದದ್ದೆಲ್ಲ ಅತಿಥಿಗಳ ಕೇಸರಿಬಾತಿಗೆ ಹೋಯಿತೆಂದರು. ಅಂಗಡಿಗೆ ಓಡಿದ ಸ್ವಯಂಸೇವಕ ಹುಡುಗ ಅಲ್ಲಿಂದ ಫೋನು ಮಾಡಿ, "ಸಾರ್, ಚಿರೋಟಿ ರವೆಯೋ, ಬನ್ಸಿ ರವೆಯೋ?" ಎಂದು ಕೇಳಿದ. ಇಡೀ ಸಂಜೆಯಲ್ಲಿ ಸಂಗೀತಕ್ಕೆ ಸಂಬಂಧಪಟ್ಟಂತೆ ಸಮಿತಿಯ ಕಡೆಯಿಂದ ಬಂದ ಒಂದೇ ಪ್ರಶ್ನೆ ಅದು.

ಆಮೇಲೆ ಸನ್ಮಾನ. 38 ಜನ. ಪ್ರತಿಯೊಬ್ಬರಿಗೂ ಶಾಲು, ಪೇಟ, ಹಾರ, ಫಲತಾಂಬೂಲ, ಫಲಕ, ಮತ್ತು "ಇವರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ" ಎಂಬ ಒಂದೇ ಸಾಲನ್ನು ನಿರೂಪಕರು ಬೇರೆ ಬೇರೆ ಸ್ಥಾಯಿಗಳಲ್ಲಿ ಎತ್ತಿಕೊಂಡ ನೆರವಲ್. ಪಕ್ಕದ ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯೇ ಇದ್ದರೂ ನಮ್ಮ ಶಾಲುಗಳು ರೇಷ್ಮೆಯ ಹೆಸರು ಕೂಡ ಕೇಳಿದವಲ್ಲ. ಮುಟ್ಟಿದರೆ ಕೈಗೆ ಮಿಂಚುಪುಡಿ. ಶ್ರೀನಿವಾಸಪುರದ ಮಾವಿನ ತೋಪುಗಳಿಂದ ಹೆಚ್ಚು ದೂರವಿಲ್ಲದ ಊರಿನಲ್ಲಿ ಹಣ್ಣಿನ ಬುಟ್ಟಿಗೆ ಬಂದದ್ದು ಸಮುದ್ರ ದಾಟಿದ ಸೇಬು ಮತ್ತು ಕಿವಿ. ಪ್ರಧಾನ ಗಾಯಕರಿಗೂ ಹಾಡುವ ಮೊದಲೇ ಸನ್ಮಾನವಾಯಿತು. ಹಾಡಿದ ಮೇಲೆ ಮಾಡಿದರೆ ನೋಡಲು ಯಾರೂ ಉಳಿದಿರುವುದಿಲ್ಲವೆಂಬ ಅನುಭವ ಸಮಿತಿಗಿದೆ. ಛಾಯಾಗ್ರಾಹಕನಿಗಾಗಿ ಶಾಲನ್ನು ಮೂರು ಸಲ ಹೊದಿಸಿದ್ದರಿಂದ ಜರಿಯ ಎಳೆಯೊಂದು ಗಂಟಲಿಗೆ ಸೇರಿ ಅವರು ಕೆಮ್ಮತೊಡಗಿದರು.

ಕೈವಾರದ ಮಠದಲ್ಲಿ ಗುರುಪೂರ್ಣಿಮೆಗೆ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುವುದನ್ನು ನಾನು ಪಕ್ಕದಲ್ಲಿದ್ದ ಸಮಿತಿ ಸದಸ್ಯರಿಗೆ ನೆನಪಿಸಿದೆ. "ಅಷ್ಟು ಹೊತ್ತು ಹಾಡಿಸಿದರೆ ಸನ್ಮಾನಕ್ಕೆ ಸಮಯ ಎಲ್ಲಿ ಸಿಗುತ್ತೆ ಸ್ವಾಮಿ?" ಎಂದು ಅವರು ಕನಿಕರದಿಂದ ಕೇಳಿದರು.

ಅರಿಯಕುಡಿ ರಾಮಾನುಜ ಅಯ್ಯಂಗಾರರು ವರ್ಣದಿಂದ ಮಂಗಳದವರೆಗೆ ಹದವಾಗಿ ರೂಪಿಸಿಕೊಟ್ಟ ಕಚೇರಿ ಪದ್ಧತಿಯನ್ನು ನಂಬಿ ಬಂದಿದ್ದ ಗಾಯಕರಿಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ಮೈಕ್ ಸಿಕ್ಕಿತು, ಒಂಬತ್ತೂವರೆಗೆ ರಂಗಮಂದಿರ ಬಿಟ್ಟುಕೊಡಬೇಕೆಂಬ ಚೀಟಿಯೊಡನೆ. ಅವರು ಕಾಂಭೋಜಿ ರಾಗದ ಮೊದಲ ಎಳೆಯನ್ನು ಬಿಡಿಸಿದೊಡನೆ ಮುಖ್ಯ ಅತಿಥಿಗಳು ಅನ್ಯಕಾರ್ಯ ನಿಮಿತ್ತ ಎದ್ದರು. ಅವರೊಡನೆ ಮುಂದಿನ ನಾಲ್ಕು ಸಾಲುಗಳು ಎದ್ದವು. ಕಾರಿನ ಬಾಗಿಲು ತೆರೆದದ್ದನ್ನು ಕಂಡು ಹೊರಗೆ ಗಟ್ಟಿಮೇಳ ಮೊಳಗಿತು. ಒಳಗಿನ ಶ್ರುತಿ ಒಂದು, ಹೊರಗಿನದು ಇನ್ನೊಂದು. ಗಾಯಕರು ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಟ್ಟು, ಮೆರವಣಿಗೆ ಹೋಗುವ ತನಕ ಕಾದರು.

ಇನ್ನು ಉಳಿದದ್ದು ತ್ಯಾಗರಾಜರ ಪಂಚರತ್ನ ಕೃತಿಗಳ ಗೋಷ್ಠಿಗಾಯನ. ಒಂದು ತಿಂಗಳಿಂದ ಊರಿನ ಪಾಠಶಾಲೆಗಳ ಮಕ್ಕಳು ಐದೂ ಕೃತಿಗಳನ್ನು ಗಟ್ಟಿ ಮಾಡಿ, ಆ ಸಂಜೆ ನಾಲ್ಕು ಗಂಟೆಯಿಂದ ರೇಷ್ಮೆ ಲಂಗದಲ್ಲಿ ಬೆವರುತ್ತಿದ್ದರು. ಸಮಯದ ಅಭಾವವನ್ನು ಕಾರ್ಯದರ್ಶಿಗಳು ಬಗೆಹರಿಸಿದ ರೀತಿಗೆ ಮಾತ್ರ ನಾನು ತಲೆಬಾಗಿದೆ. ನಾಟ, ಗೌಳ, ಆರಭಿ, ವರಾಳಿಗಳನ್ನು ಕೈಬಿಟ್ಟು, ಶ್ರೀರಾಗದ ಕೊನೆಯ ಕೃತಿಯೊಂದನ್ನೇ ಉಳಿಸಿಕೊಳ್ಳುವುದು. ಅದು ಹೇಗೂ ಸಕಲ ಮಹಾನುಭಾವರಿಗೆ ವಂದನೆ ಹೇಳುವ ಕೃತಿಯಾದ್ದರಿಂದ, ಮಕ್ಕಳು ಹಾಡುತ್ತಿರುವಾಗಲೇ ವಂದನಾರ್ಪಣೆಯನ್ನೂ ಮುಗಿಸಿಬಿಡುವುದು. ಹಾಗೆಯೇ ನಡೆಯಿತು. ಹೃದಯಕಮಲದಲ್ಲಿ ರಾಮನನ್ನು ಕಂಡು ಆನಂದಿಸುವವರನ್ನು ತ್ಯಾಗರಾಜರು ಚರಣ ಚರಣಕ್ಕೆ ನೆನೆಯುತ್ತಿದ್ದ ಹಾಗೆಲ್ಲ ಇನ್ನೊಂದು ಮೈಕಿನಲ್ಲಿ ಶಾಮಿಯಾನ, ಧ್ವನಿವರ್ಧಕ ಮತ್ತು ಜನರೇಟರಿನವರ ಹೆಸರುಗಳು ಆದಿತಾಳಕ್ಕೆ ಸರಿಯಾಗಿಯೇ ಬಂದು ಬೀಳುತ್ತಿದ್ದವು.

ಹೊರಗೆ ಬಂದಾಗ ನಾಗಸ್ವರದವರು ಇನ್ನೂ ಮೆಟ್ಟಿಲ ಮೇಲಿದ್ದರು. ಸಂಭಾವನೆಯ ಕವರು ಕಾರ್ಯದರ್ಶಿಗಳ ಜೇಬಿನಲ್ಲಿತ್ತು, ಕಾರ್ಯದರ್ಶಿಗಳು ಒಳಗೆ ಮಿಕ್ಕ ಶಾಲುಗಳನ್ನು ಎಣಿಸುತ್ತಿದ್ದರು. ಕಾಯುವ ಹೊತ್ತಿಗೆ ಹಿರಿಯರು ಪೀಪಿಯನ್ನು ಮತ್ತೊಮ್ಮೆ ಒದ್ದೆ ಮಾಡಿ, ಆಗ ನಿಲ್ಲಿಸಿದ್ದ ಜಾಗದಿಂದಲೇ, ತಾರಷಡ್ಜದ ಹೊಸ್ತಿಲಿನಿಂದ, ತೋಡಿಯನ್ನು ಮುಂದುವರಿಸಿದರು. ಒಳಗಿನಿಂದ ಬಂದ ಗಾಯಕರು ಪೇಟವನ್ನು ಕಂಕುಳಲ್ಲಿ ಸಿಕ್ಕಿಸಿ, ಸೇಬಿನ ಬುಟ್ಟಿಯನ್ನು ಕೆಳಗಿಟ್ಟು, ಶಾಲನ್ನು ಮಡಚಿ ಮೆಟ್ಟಿಲಿಗೆ ಹಾಸಿಕೊಂಡು ಕುಳಿತರು. ಮೃದಂಗದವರು ಪಕ್ಕದಲ್ಲಿ ಕುಳಿತು ತೊಡೆಯ ಮೇಲೆ ಬೆರಳಾಡಿಸತೊಡಗಿದರು. ಐದಾರು ನಿಮಿಷವಾಗಿರಬಹುದು. ಕಾರ್ಯದರ್ಶಿಗಳು ಬೀಗದ ಕೈ ಆಡಿಸುತ್ತ ಬಂದು, "ಸ್ವಲ್ಪ ಬೇಗ ಮುಗಿಸಿ, ಗೇಟು ಹಾಕಬೇಕು" ಎಂದರು.