ಅಶ್ರು, ಆದಿತಾಳ

ಮಗಳನ್ನು ಸಂಗೀತಕ್ಕೆ ಸೇರಿಸುವಾಗ ಮೂರು ಹಾಳೆಗೆ ಸಹಿ ಹಾಕಿದೆ. ಒಂದು ಫೀಸಿನದು, ಒಂದು ಫೋಟೋ ಒಪ್ಪಿಗೆಯದು, ಮೂರನೆಯದು 'ಭಾವಸ್ನೇಹಿ ಕಲಿಕೆ'ಯದು. ಅದರ ಪ್ರಕಾರ ನಮ್ಮ ಬಡಾವಣೆಯ ಆ ತರಗತಿಯಲ್ಲಿ 'ಅಪಸ್ವರ' ಎಂಬ ಮಾತು ನಿಷಿದ್ಧ. ರಿಷಭ, ಅಂದರೆ ರಿ, ಹಿಡಿಯಬೇಕಾದ ಮಗು ಎಲ್ಲೋ ಹೋಗಿ ಬಿದ್ದರೆ ಟೀಚರ್ 'ಇನ್ನೊಂದು ಸಾಧ್ಯತೆ ತೋರಿಸಿದೆ ಚಿನ್ನ' ಅನ್ನಬೇಕು. ಮಾಯಾಮಾಳವಗೌಳ ರಾಗದಲ್ಲಿ ರಿ ಎಂಬುದು ಸ-ಗೆ ಅಂಟಿಕೊಂಡೇ ಕೂತಿರುತ್ತದೆ, ಅಲ್ಲಿಂದ ಗ-ಗೆ ಮಾರುದೂರ. ಏಳು ವರ್ಷದ ಮಕ್ಕಳು ದಿನಕ್ಕೆ ನೂರು ಸಾಧ್ಯತೆ ತೋರಿಸುತ್ತಾರೆ.

ಗೋಡೆಯ ಮೇಲೆ ಐದು ಮುಖದ ಚಾರ್ಟು. ನಗು, ಸಪ್ಪೆ, ಅಳು, ಸಿಟ್ಟು, ನಿದ್ದೆ. ಪಾಠಕ್ಕೆ ಮೊದಲು ಮಗು ತನ್ನ ಮುಖ ಯಾವುದೆಂದು ಮುಟ್ಟಿ ತೋರಿಸಬೇಕು, ಅದು ಆಪ್‌ಗೆ ಏರಿ ಅಪ್ಪ ಅಮ್ಮನ ಮೊಬೈಲಿಗೆ ಇಳಿಯುತ್ತದೆ. ನಾಟ್ಯಶಾಸ್ತ್ರದಲ್ಲಿ ನೆಲೆನಿಲ್ಲುವ ಸ್ಥಾಯಿ 8, ಬಂದುಹೋಗುವ ವ್ಯಭಿಚಾರಿ 33, ಮೈಯಲ್ಲಿ ತೋರುವ ಸಾತ್ತ್ವಿಕ 8, ಒಟ್ಟು 49 ಭಾವ. ಭರತಮುನಿ ಸುಮ್ಮನೆ ಕಷ್ಟಪಟ್ಟ.

ನಮ್ಮ ಕಾಲದ ಮೇಷ್ಟ್ರಿಗೆ ಚಾರ್ಟು ಬೇಕಿರಲಿಲ್ಲ. ತಾಳ ತಪ್ಪಿದರೆ ತೊಡೆ ಚಿವುಟುತ್ತಿದ್ದರು. ಅತ್ತರೆ ತಂಬೂರಿ ನಿಲ್ಲಿಸದೆಯೇ 'ಅಳೋದಾದ್ರೆ ಶ್ರುತಿಗೆ ಸೇರಿಸಿ ಅಳೋ' ಅನ್ನುತ್ತಿದ್ದರು. ಅದೇ ಚೆನ್ನಾಗಿತ್ತು ಅನ್ನುವ ಪೈಕಿ ನಾನಲ್ಲ. ಖಂಡಛಾಪು ತಾಳ ಕೇಳಿದರೆ ನನ್ನ ಬಲತೊಡೆ ಈಗಲೂ ಹಿಂದೆ ಸರಿಯುತ್ತದೆ.

ಕಳೆದ ಗುರುವಾರ ಆದಿತಾಳದಲ್ಲಿ ಜಂಟಿ ವರಸೆ, ಅಂದರೆ ಸ್ವರಗಳನ್ನು ಜೋಡಿ ಜೋಡಿಯಾಗಿ ಹಾಡುವ ಪಾಠ. ಎರಡನೇ ಕಾಲದವರೆಗೆ, ಅಂದರೆ ಎರಡನೇ ವೇಗದವರೆಗೆ, ಎಲ್ಲ ನೆಟ್ಟಗಿತ್ತು. ಮೂರನೇ ಕಾಲ ಶುರುವಾದದ್ದೇ ಮಗಳು ತಾಳದ ಲಘುವಿಗೆ, ಅಂದರೆ ತಟ್ಟಿ ಬೆರಳೆಣಿಸುವ ಭಾಗಕ್ಕೆ, ಒಂದು ಘಾತ ಹಾಕಿ, ಕಿರುಬೆರಳಿಗೆ ಬಂದು, ಅದನ್ನು ಎತ್ತಿ ಹಿಡಿದು ಅಲ್ಲೇ ನಿಂತುಬಿಟ್ಟಳು. ಕಣ್ಣು ತುಂಬಿತು, ದನಿ ಒಡೆಯಿತು, ಮೈ ಸಣ್ಣಗೆ ನಡುಗಿತು. ಅಶ್ರು, ಸ್ವರಭೇದ, ವೇಪಥು: ಒಂದೇ ಸಂಜೆಗೆ ಮೂರು ಸಾತ್ತ್ವಿಕ ಭಾವ! ದೊಡ್ಡ ದೊಡ್ಡ ವಿದ್ವಾಂಸರ ಕಛೇರಿಯಲ್ಲೂ ನಾನು ಒಂದಕ್ಕಿಂತ ಹೆಚ್ಚು ಕಂಡವನಲ್ಲ.

ಶ್ರುತಿಪೆಟ್ಟಿಗೆ ಆಫ್ ಆಯಿತು. ನಿಯಮದ ಪ್ರಕಾರ ಆಪ್ತಸಲಹೆಗಾರರಿಗೆ ವಿಡಿಯೋ ಕಾಲ್ ಹೋಯಿತು.

'ನಿನ್ನ ಭಾವಕ್ಕೆ ಯಾವ ಬಣ್ಣ ಪುಟ್ಟಾ?'

ಮಗಳು ಕಾಲಿಗೆ ಕಾಲು ಹೆಣೆದುಕೊಂಡು 'ಹಳದಿ' ಅಂದಳು.

ಚಾರ್ಟಿನಲ್ಲಿ ಹಳದಿ ಎಂದರೆ ಸಂತೋಷ. ಆದ್ದರಿಂದ ಇದು ಆನಂದಬಾಷ್ಪ ಎಂದು ತೀರ್ಮಾನವಾಗಿ, ಎಲ್ಲ ಮಕ್ಕಳೂ ಚಪ್ಪಾಳೆ ತಟ್ಟಬೇಕಾಯಿತು. ಅಳು ಜೋರಾಯಿತು. ಚಪ್ಪಾಳೆಯೂ ಜೋರಾಯಿತು.

ಅಷ್ಟರಲ್ಲಿ ವಾಟ್ಸಾಪ್ ಗುಂಪು ಕಾವೇರಿತ್ತು. 'ನಲವತ್ತೈದು ನಿಮಿಷದ ಕ್ಲಾಸಲ್ಲಿ ಹನ್ನೆರಡು ನಿಮಿಷ ಅಳುವಿಗೇ ಹೋದರೆ ಉಳಿದ ಮಕ್ಕಳಿಗೆ ಕಾಂಪನ್ಸೇಷನ್ ಕ್ಲಾಸ್ ಇದೆಯಾ ಮೇಡಂ?' ಎಂದು ಒಬ್ಬ ತಂದೆ. 'ನಮ್ಮ ಹುಡುಗ ಆರು ತಿಂಗಳಿಂದ ಒಂದ್ಸಲಾನೂ ಅತ್ತಿಲ್ಲ, ಡಾಕ್ಟರಿಗೆ ತೋರಿಸ್ಬೇಕಾ?' ಎಂದು ಒಬ್ಬ ತಾಯಿ. ಜೂನಿಯರ್ ಪರೀಕ್ಷೆಯಲ್ಲಿ ಭಾವಕ್ಕೆ ಎಷ್ಟು ಅಂಕ ಎಂದು ಇನ್ಯಾರೋ. ಇವರೆಲ್ಲರ ನಡುವೆ ನಾನು ಕೈಮುಗಿದ ಎಮೋಜಿ ಹಾಕಿದೆ.

ಎಲ್ಲಿ ಕೂತು ಅಂತೀರಾ? ಅದೇ ಬಾಗಿಲಾಚೆ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಮಗಳ ಭಾವ ಏನೆಂದು ಮೊಬೈಲಿನಲ್ಲಿ ಓದುತ್ತಿದ್ದೆ. ಬಾಗಿಲು ತೆರೆದೇ ಇತ್ತು.

ಮೆಟ್ಟಿಲು ಗುಡಿಸುತ್ತಿದ್ದ ಅಜ್ಜಿ ಪೊರಕೆ ಹಿಡಿದೇ ಒಳಗೆ ಇಣುಕಿದಳು. ಎತ್ತಿದ ಕಿರುಬೆರಳು ನೋಡಿದಳು.

'ಅಯ್ ಸಿವನೇ, ಕೂಸು ಒಂದಕ್ಕೆ ಹೋಗ್ಬೇಕು ಅಂತೈತಲ್ರವ್ವಾ! ಬಾ ಮಗಾ.'

ಎರಡು ನಿಮಿಷಕ್ಕೆ ವಾಪಸು ಬಂದ ಮಗಳು, ಚಕ್ಕಳಮಕ್ಕಳ ಹಾಕಿ ಕೂತು, ಮೂರನೇ ಕಾಲವನ್ನು ಒಂದೇ ಉಸಿರಿಗೆ ಹಾಡಿ ಮುಗಿಸಿದಳು. ಟೀಚರ್ ಫಾರಂ ತುಂಬುತ್ತಿದ್ದರು, ಕೇಳಿಸಲಿಲ್ಲ. ರಾತ್ರಿ ಒಂಬತ್ತಕ್ಕೆ ಅದು ನನ್ನ ಮೊಬೈಲಿಗೆ ಬಂತು: 'ಭಾವ: ಆನಂದ. ಗಮನಿಸಿ: ಮಗು ಪದೇ ಪದೇ ಲಘುವಿನ ಕಿರುಬೆರಳಿನಲ್ಲೇ ನಿಲ್ಲುತ್ತಿದೆ. ಮನೆಯಲ್ಲಿ ತಾಳ ಅಭ್ಯಾಸ ಮಾಡಿಸಿ.'