ಅಗ್ಗದ ಮಾತ್ರೆಗೆ ವಾರಸುದಾರರಿಲ್ಲ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಅಕ್ಕಪಕ್ಕದಲ್ಲಿವೆ. ಒಂದಕ್ಕೆ ಮನಸ್ಸಿನ ಕಾಯಿಲೆಯವರು ಹೋಗುತ್ತಾರೆ, ಇನ್ನೊಂದಕ್ಕೆ ಕ್ಯಾನ್ಸರಿನವರು. ಈ ಗೇಟಿನ ಔಷಧಿಗೂ ಆ ಗೇಟಿನ ಕಾಯಿಲೆಗೂ ಏನಾದರೂ ನಂಟು ಇದ್ದೀತೇ ಎಂದು ಬಸ್ಸಿಳಿದು ಓಡುವವರಿಗೆ ಯಾಕೆ ಹೊಳೆಯಬೇಕು? ಆದರೆ ಪ್ರಪಂಚದ ಕೆಲವು ಪ್ರಯೋಗಾಲಯಗಳಲ್ಲಿ ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಕೇಳುತ್ತಿದ್ದಾರೆ, ಅದರಲ್ಲೂ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರಿನ ವಿಷಯದಲ್ಲಿ. ಮೆಡಿಕಲ್ ಅಂಗಡಿ ನಡೆಸುವ ನನ್ನ ಮುಂದೆ ಎರಡೂ ಬಗೆಯ ಚೀಟಿಗಳು ಬರುವುದರಿಂದ ಈ ಸುದ್ದಿಗಳನ್ನು ಹುಡುಕಿ ಓದುವ ಚಟ ನನಗಿದೆ. ಓದಿದಷ್ಟೂ ಆಸೆಯೂ ಹೆಚ್ಚುತ್ತದೆ, ಸಿಟ್ಟೂ ಬರುತ್ತದೆ.

ಆಸೆ ಹುಟ್ಟಿಸುವುದರಲ್ಲಿ ಮೊದಲನೆಯದು ಲಿಥಿಯಂ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ 1949ರಲ್ಲಿ ಉನ್ಮಾದದ ರೋಗಿಗಳಿಗೆ ಕೊಟ್ಟು ಗುಣ ಕಂಡ ಲವಣ ಇದು. ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಇದಕ್ಕೆ ಸಮನಾದ ಔಷಧಿ ಕಡಿಮೆ. ಇದಕ್ಕೂ ಕರುಳಿಗೂ ಎಲ್ಲಿಯ ಸಂಬಂಧ ಎನ್ನುವಿರಾದರೆ, ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸವನ್ನು ನೋಡಬೇಕು.

ನಮ್ಮ ಕರುಳಿನ ಒಳಪದರದಲ್ಲಿ ಲೆಕ್ಕವಿಲ್ಲದಷ್ಟು ಪುಟ್ಟ ಗುಳಿಗಳಿವೆ. ಒಂದೊಂದು ಗುಳಿಯ ತಳದಲ್ಲೂ ಒಂದಿಷ್ಟು ಕಾಂಡಕೋಶಗಳಿದ್ದು, ಸವೆದುಹೋಗುವ ಪದರವನ್ನು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಕಟ್ಟುತ್ತಿರುತ್ತವೆ. ಈ ಕ್ಯಾನ್ಸರುಗಳಲ್ಲಿ ಬಹುಪಾಲು ಶುರುವಾಗುವುದು ಅಂಥ ಒಂದು ಕೋಶದಲ್ಲಿ ಎಪಿಸಿ ಎಂಬ ವಂಶವಾಹಿ ಕೆಟ್ಟಾಗ. ಕೆಟ್ಟ ಕೋಶ ತಾನು ಬೆಳೆದರೆ ಸಾಲದು ಎಂಬಂತೆ ‘ನೋಟಮ್’ ಎಂಬ ಪ್ರೋಟೀನನ್ನು ಸುತ್ತಮುತ್ತ ಸ್ರವಿಸುತ್ತದೆ. ಅದು ತಾಗಿದ ಆರೋಗ್ಯವಂತ ಕಾಂಡಕೋಶಗಳಿಗೆ ಬದುಕಲು ಬೇಕಾದ ಸಂಕೇತ ತಲುಪುವುದಿಲ್ಲ. ಅವು ಕಾಂಡಕೋಶಗಳಾಗಿ ಉಳಿಯದೆ ಮಾಮೂಲಿ ಕೋಶಗಳಾಗಿ ಸವೆದುಹೋಗುತ್ತವೆ. ನೀರು ಅಡ್ಡಗಟ್ಟಿ ಪಕ್ಕದ ಹೊಲ ಒಣಗಿಸಿ, ಆಮೇಲೆ ಬದುವನ್ನೇ ಒತ್ತುವ ದಾಯಾದಿಯ ಬುದ್ಧಿ ಅದರದು. ಲಿಥಿಯಂ ಕೆಟ್ಟ ಕೋಶವನ್ನು ಕೊಲ್ಲಲು ಹೋಗುವುದಿಲ್ಲ. ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆದು, ಹೊರಗಿನಿಂದ ಸಂಕೇತ ಬಾರದಿದ್ದರೂ ಆರೋಗ್ಯವಂತ ಕೋಶಗಳು ತಮ್ಮ ಜಾಗ ಬಿಡದಂತೆ ನೋಡಿಕೊಳ್ಳುತ್ತದೆ. ಲಿಥಿಯಂ ಕೊಟ್ಟ ಇಲಿಗಳ ಕರುಳಿನಲ್ಲಿ ಗಡ್ಡೆಗಳು ಕಡಿಮೆ ಹುಟ್ಟಿದವು.

ಇದರಿಂದ ಯಾರಿಗೆ ಉಪಯೋಗ? ಹುಟ್ಟಿನಿಂದಲೇ ಎಪಿಸಿ ವಂಶವಾಹಿಯ ಒಂದು ಪ್ರತಿ ಕೆಟ್ಟಿರುವ ಕುಟುಂಬಗಳಿವೆ. ಅಂಥವರ ಕರುಳಿನಲ್ಲಿ ಹದಿಹರೆಯದಲ್ಲಿಯೇ ಪಾಲಿಪ್ ಎಂಬ ಪುಟ್ಟ ಗಂಟುಗಳು ನೂರಾರು ಏಳುತ್ತವೆ. ಹಾಗೇ ಬಿಟ್ಟರೆ ನಲವತ್ತರ ಆಸುಪಾಸಿಗೆ ಕ್ಯಾನ್ಸರ್ ಹೆಚ್ಚುಕಡಿಮೆ ಖಚಿತ. ಈಗಿರುವ ಪರಿಹಾರವೆಂದರೆ ಚಿಕ್ಕ ವಯಸ್ಸಿನಲ್ಲಿಯೇ ದೊಡ್ಡ ಕರುಳನ್ನು ತೆಗೆದುಹಾಕುವುದು. ಅವರಿಗೆ ಸಣ್ಣ ಪ್ರಮಾಣದ ಲಿಥಿಯಂ ಕೊಟ್ಟು ನೋಡುವ ಪ್ರಯೋಗವನ್ನು ನೆದರ್‌ಲ್ಯಾಂಡ್ಸಿನಲ್ಲಿ ಕೈಗೆತ್ತಿಕೊಂಡಿದ್ದಾರೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಲಿಥಿಯಂ ಎಬ್ಬಿಸುವ ಸಂಕೇತದ ಹಾದಿಯೇ ಬಲಿತ ಕ್ಯಾನ್ಸರಿನಲ್ಲಿ ಅತಿಯಾಗಿ ಚುರುಕಾಗಿರುವ ಹಾದಿ. ಗಡ್ಡೆ ಹುಟ್ಟುವ ಮೊದಲು ಕಾವಲಿಗೆ ನಿಲ್ಲಬಹುದಾದ ಮಾತ್ರೆ ಗಡ್ಡೆ ಬೆಳೆದ ಮೇಲೆ ಯಾವ ಪಕ್ಷ ಸೇರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ವಾಟ್ಸಾಪಿನಲ್ಲಿ ಓಡಾಡುವ ‘ಕ್ಯಾನ್ಸರಿಗೆ ಲಿಥಿಯಂ ರಾಮಬಾಣ’ ಎಂಬ ಸಂದೇಶಗಳಲ್ಲಿ ಈ ಸಾಲು ಇರುವುದಿಲ್ಲ.

ಎರಡನೆಯದು ಇಮಿಪ್ರಮಿನ್. ಖಿನ್ನತೆಗೆ ಬಂದ ಮೊದಮೊದಲ ಮಾತ್ರೆಗಳಲ್ಲೊಂದು. ನಮ್ಮ ಕಡೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವ ಮಕ್ಕಳಿಗೂ ವೈದ್ಯರು ಬರೆಯುವುದುಂಟು. ಕ್ಯಾನ್ಸರ್ ಕೋಶ ತನ್ನ ಜಾಗ ಬಿಟ್ಟು ಬೇರೆ ಅಂಗಕ್ಕೆ ಹೋಗಬೇಕಾದರೆ ಸಣ್ಣ ಸಣ್ಣ ಚಾಚುಗಳನ್ನು ಹೊರಹಾಕಿ ತೆವಳಬೇಕು. ಆ ಚಾಚುಗಳ ಒಳಗಿನ ಎಳೆಗಳನ್ನು ಕಟ್ಟಿ ಗಟ್ಟಿ ಮಾಡುವುದು ಫ್ಯಾಸಿನ್ ಎಂಬ ಪ್ರೋಟೀನ್. ಇಮಿಪ್ರಮಿನ್ ಅದಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ ಎಂದು ಸ್ಪೇನಿನ ಮೂರ್ಸಿಯಾ ಪ್ರಾಂತ್ಯದ ಸಂಶೋಧಕರು 2020ರಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳಲ್ಲಿ ತೋರಿಸಿದರು. ಈ ಕೆಲಸದಲ್ಲಿ ನನಗೆ ಹಿಡಿಸಿದ್ದು ಬೇರೆ ವಿಷಯ. ಅವರು ರೂಪಿಸಿದ ಮುಂದಿನ ಪ್ರಯೋಗದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಮಾತ್ರೆ ಕೊಡುವುದಿಲ್ಲ. ಗಡ್ಡೆಯಲ್ಲಿ ಫ್ಯಾಸಿನ್ ಹೆಚ್ಚಿರುವವರನ್ನು ಆರಿಸಿ ಕೊಡುತ್ತಾರೆ.

ಅಪಸ್ಮಾರಕ್ಕೂ ಬೈಪೋಲಾರ್‌ಗೂ ಕೊಡುವ ವಾಲ್‌ಪ್ರೋಯೇಟ್ ಕೂಡ ಸಾಲಿನಲ್ಲಿದೆ. ಇಟಲಿಯ ನೇಪಲ್ಸಿನ ವೈದ್ಯರು ಅದನ್ನು ಕೀಮೋ ಮತ್ತು ರೇಡಿಯೇಷನ್ ಜೊತೆಗೆ ಬೆರೆಸಿ ನೋಡುತ್ತಿದ್ದಾರೆ. ಕ್ಲೋರ್‌ಪ್ರೊಮಜೀನ್, ಫ್ಲುಆಕ್ಸಿಟಿನ್, ಪಿಮೋಜೈಡ್ ಎಂದು ಮನೋರೋಗದ ಮಾತ್ರೆಗಳ ಪಟ್ಟಿ ಬೆಳೆಯುತ್ತದೆ. ಬೆಳೆಯುವುದರಲ್ಲಿ ಅಚ್ಚರಿಯೇನಿಲ್ಲ, ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ಅಂಥ ಕಷ್ಟದ ಕೆಲಸವಲ್ಲ. ಅಲ್ಲಿ ಸುರಿಯುವ ಪ್ರಮಾಣ ಎಷ್ಟೋ ಸಲ ರೋಗಿಯ ರಕ್ತದಲ್ಲಿ ಸಿಗುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುತ್ತದೆ. ಅಷ್ಟನ್ನು ಮನುಷ್ಯ ನುಂಗಿದರೆ ಗಡ್ಡೆಗಿಂತ ಮೊದಲು ಅವನ ಹೃದಯ ನಿಲ್ಲುತ್ತದೆ. ಇದೇ ಇಮಿಪ್ರಮಿನ್ ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿ ಇಲಿಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತು ಎಂದು 2013ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಬರೆದಾಗ ಎಲ್ಲೆಡೆ ಸಂಭ್ರಮವಿತ್ತು. ಅದರ ದಾಯಾದಿಯಾದ ಡೆಸಿಪ್ರಮಿನ್ ಕೊಟ್ಟು ರೋಗಿಗಳ ಮೇಲೆ ಮಾಡಿದ ಪ್ರಯೋಗ ಪ್ರಯೋಜನ ಕಾಣದೆ ಅರ್ಧದಲ್ಲೇ ನಿಂತುಹೋದಾಗ ಆ ಸುದ್ದಿ ಯಾರ ಮೊಬೈಲಿಗೂ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ಪರಿಚಯದ ಮೇಷ್ಟರೊಬ್ಬರು ಅಂಗಡಿಗೆ ಬಂದು ಗಿರಾಕಿಗಳೆಲ್ಲ ಹೋಗುವವರೆಗೂ ಫ್ಯಾನಿನ ಕೆಳಗೆ ನಿಂತಿದ್ದರು. ಆಮೇಲೆ ಮೊಬೈಲ್ ಚಾಚಿ, “ಸಾರ್, ಈ ಲಿಥಿಯಂ ಒಂದು ಹಾಳೆ ಕೊಡಿ, ಅಣ್ಣನಿಗೆ” ಎಂದರು. ಅಣ್ಣನಿಗೆ ಗುದನಾಳದ ಕ್ಯಾನ್ಸರ್, ಕೆಪಸಿಟಬೀನ್ ಎಂಬ ಕೀಮೋ ಮಾತ್ರೆ ನಡೆಯುತ್ತಿತ್ತು. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದೆ. “ಡಾಕ್ಟರನ್ನು ಕೇಳಿದರೆ ಬೈಯುತ್ತಾರೆ ಸಾರ್” ಎಂದರು. ಅಣ್ಣ ಹೇಗಿದ್ದಾರೆ ಎಂದು ವಿಚಾರಿಸಿದೆ. ಅಂಗೈ ಅಂಗಾಲು ಸುಲಿದಿವೆ, ದಿನಕ್ಕೆ ಐದಾರು ಸಲ ಭೇದಿ, ನೋವಿಗೆ ಡೈಕ್ಲೋಫೆನಾಕ್ ನುಂಗುತ್ತಾರೆ ಎಂದರು. ನನಗೆ ಬೆವರು ಬಂತು.

ರಕ್ತದಲ್ಲಿ ಲಿಥಿಯಂ ಲೀಟರಿಗೆ 0.6ರಿಂದ 1 ಮಿಲಿಮೋಲ್ ಇದ್ದರೆ ಔಷಧಿ; ಒಂದೂವರೆ ದಾಟಿದರೆ ವಿಷ. ಭೇದಿಯಾಗಿ ಮೈಯ ನೀರು ಉಪ್ಪು ಹೋದರೆ ಈ ಮಟ್ಟ ಏರುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯಿಂದಲೂ ಏರುತ್ತದೆ. ಅಣ್ಣನಲ್ಲಿ ಎರಡೂ ಇದ್ದವು. ಒಂದು ವಾರದಲ್ಲಿ ಕೈನಡುಕ, ತೊದಲು, ಮಂಪರು ಶುರುವಾಗಿದ್ದರೆ ಮನೆಯವರು ಕ್ಯಾನ್ಸರ್ ತಲೆಗೆ ಏರಿತು ಎಂದುಕೊಳ್ಳುತ್ತಿದ್ದರು. ಮನೋವೈದ್ಯರು ಲಿಥಿಯಂ ಬರೆದಾಗ ರಕ್ತಪರೀಕ್ಷೆ, ಥೈರಾಯ್ಡ್, ಕಿಡ್ನಿ ಎಂದು ಪದೇ ಪದೇ ಕರೆಯುವುದು ಸುಮ್ಮನೆ ಅಲ್ಲ. ‘ಹಳೆಯ ಔಷಧಿ, ಹಾಗಾಗಿ ಸುರಕ್ಷಿತ’ ಎಂಬ ಮಾತಿನಷ್ಟು ಅಪಾಯದ ಅರ್ಧಸತ್ಯ ಇನ್ನೊಂದಿಲ್ಲ. ಯಾವ ರೋಗಿಗೆ, ಯಾವ ಔಷಧಿಯ ಜೊತೆ ಸುರಕ್ಷಿತ ಎಂದು ಕೇಳದೆ ಆ ಪದ ಬಳಸಬಾರದು.

ಹಾಗಾದರೆ ಇದೆಲ್ಲ ಬೊಗಳೆಯೇ? ಅಲ್ಲ. ಹಳೆಯ ಮಾತ್ರೆ ಕರುಳಿನ ಕ್ಯಾನ್ಸರಿನಲ್ಲಿ ಕೆಲಸ ಮಾಡಬಲ್ಲದು ಎಂಬುದಕ್ಕೆ ಮನೋರೋಗದ ಪಟ್ಟಿಯ ಹೊರಗಿನಿಂದ ಸಾಕ್ಷಿ ಸಿಕ್ಕಿದೆ. ಏಷ್ಯಾದ ಹಲವು ದೇಶಗಳು ಸೇರಿ ನಡೆಸಿದ ಆಸ್ಕೋಲ್ಟ್ ಪ್ರಯೋಗದಲ್ಲಿ ಚಿಕಿತ್ಸೆ ಮುಗಿದ ರೋಗಿಗಳಿಗೆ ಮೂರು ವರ್ಷ ಆಸ್ಪಿರಿನ್ ಕೊಟ್ಟರು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಸ್ವೀಡನ್ನಿನವರು ಮುಂದಾಳಾಗಿ ನಡೆಸಿದ ಅಲಾಸ್ಕಾ ಎಂಬ ಇನ್ನೊಂದು ಪ್ರಯೋಗ ಗಡ್ಡೆಯ ವಂಶವಾಹಿ ಪರೀಕ್ಷಿಸಿ, ಪಿಐ3ಕೆ ಎಂಬ ಬೆಳವಣಿಗೆಯ ಸಂಕೇತದ ಹಾದಿಯಲ್ಲಿ ದೋಷ ಇರುವವರನ್ನು ಮಾತ್ರ ಆರಿಸಿಕೊಂಡಿತು. ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್. ಮೂರು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು, ಮುಖ್ಯ ಗುಂಪಿನಲ್ಲಿ, ಆಸ್ಪಿರಿನ್ ತೆಗೆದುಕೊಂಡವರಲ್ಲಿ ಶೇಕಡ 7.7, ತೆಗೆದುಕೊಳ್ಳದವರಲ್ಲಿ ಶೇಕಡ 14.1. ಎರಡರ ಫಲಿತಾಂಶವೂ 2025ರಲ್ಲಿ ಬಂತು. ಲಿಥಿಯಂ, ಇಮಿಪ್ರಮಿನ್‌ಗಳಿಗೂ ಇಂಥದೇ ಪರೀಕ್ಷೆ ಆಗಬೇಕು, ನೂರಾರು ಜನರನ್ನು ಆರಿಸಿ, ವರ್ಷಗಟ್ಟಲೆ ಹಿಂಬಾಲಿಸಿ.

ನನ್ನ ಸಿಟ್ಟು ಇರುವುದು ಇಲ್ಲಿ. ಪೇಟೆಂಟ್ ಮುಗಿದ ಮಾತ್ರೆಯನ್ನು ಯಾರು ಬೇಕಾದರೂ ತಯಾರಿಸಬಹುದು, ಆದ್ದರಿಂದ ಅದರ ಪರೀಕ್ಷೆಗೆ ಕೋಟಿಗಟ್ಟಲೆ ಸುರಿಯುವ ಕಂಪನಿ ಇಲ್ಲ. ಕಂಪನಿಗಳನ್ನು ಬೈದು ಏನು ಬಂತು, ಅವರದು ವ್ಯಾಪಾರ. ಆದರೆ ಅಗ್ಗದ ಚಿಕಿತ್ಸೆಯಿಂದ ಹೆಚ್ಚು ಲಾಭ ಯಾರಿಗೋ, ಆ ಸರ್ಕಾರಗಳಾದರೂ ಕೈಹಾಕಬೇಕಲ್ಲ? ನಮ್ಮಿಂದಾಗದು ಎನ್ನುವಂತಿಲ್ಲ. ಪುದುಚೇರಿಯ ಜಿಪ್ಮರ್ ಆಸ್ಪತ್ರೆಯ ವೈದ್ಯರು ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಕೊಡುವ ಓಲಾಂಜಪಿನ್ ಮಾತ್ರೆಯನ್ನು, ದಿನಕ್ಕೆ ಬರೀ ಎರಡೂವರೆ ಮಿಲಿಗ್ರಾಂನಂತೆ, ಕೀಮೋದಲ್ಲಿದ್ದ ಜಠರ, ಯಕೃತ್ತು-ಮೇದೋಜೀರಕ ಹಾಗೂ ಶ್ವಾಸಕೋಶ ಕ್ಯಾನ್ಸರಿನ ರೋಗಿಗಳಿಗೆ ಕೊಟ್ಟು ನೋಡಿದರು. ಮೈತೂಕ ಶೇಕಡ ಐದಕ್ಕಿಂತ ಹೆಚ್ಚು ಏರಿದವರು ಓಲಾಂಜಪಿನ್ ಗುಂಪಿನಲ್ಲಿ ನೂರಕ್ಕೆ 60, ಹುಸಿ ಮಾತ್ರೆಯ ಗುಂಪಿನಲ್ಲಿ 9. ಅನ್ನ ಸೇರದೆ ಒಣಗುವ ರೋಗಿಯನ್ನು ಮನೆಯಲ್ಲಿ ಕಂಡವರಿಗೆ ಈ ಅಂತರ ಏನೆಂದು ಗೊತ್ತು. 2023ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೀಮೋದ ವಾಂತಿ ತಡೆಯಲು ರೂಢಿಯ ಹತ್ತು ಮಿಲಿಗ್ರಾಂ ಬೇಕಿಲ್ಲ, ಎರಡೂವರೆಯೇ ಸಾಕು, ಮಂಪರೂ ಕಡಿಮೆ ಎಂದು ತೋರಿಸಿದರು. ಗಡ್ಡೆ ಕರಗಿಸಿದ ಸಾಹಸವಲ್ಲ ಇದು, ಹಾಗಾಗಿ ಸುದ್ದಿಯಾಗಲಿಲ್ಲ. ಆದರೆ ಮನೋರೋಗದ ಮಾತ್ರೆ ಕ್ಯಾನ್ಸರ್ ವಾರ್ಡಿನಲ್ಲಿ ಇವತ್ತು, ಈಗ, ರೋಗಿಗೆ ಒದಗುತ್ತಿರುವ ಬಗೆ ಇದೇ.

ಮತ್ತೊಂದು ಮಾತು, ವಿಷಯಾಂತರವೆನಿಸಿದರೂ ಹೇಳಿಬಿಡುತ್ತೇನೆ. ಈ ಮಾತ್ರೆಗಳ ಕ್ಯಾನ್ಸರ್-ವಿರೋಧಿ ಗುಣದ ಬಗ್ಗೆ ಇಷ್ಟು ಕುತೂಹಲ ತೋರಿಸುವ ಲೋಕ, ವರ್ಷಗಟ್ಟಲೆ ಅವನ್ನು ನುಂಗುತ್ತಿರುವ ಮನುಷ್ಯನ ಕರುಳನ್ನು ಪರೀಕ್ಷಿಸುವುದೇ ಇಲ್ಲ. ಜಪಾನಿನ ಒಕಾಯಾಮಾದಲ್ಲಿ ಸ್ಕಿಜೋಫ್ರೇನಿಯಾ ಇರುವವರ ಜೊತೆ ಒಬ್ಬರು ಕುಳಿತು, ಮಲದಲ್ಲಿ ರಕ್ತ ಹುಡುಕುವ ಪರೀಕ್ಷೆ ಎಂದರೇನು, ಎಲ್ಲಿ ಮಾಡಿಸಬೇಕು ಎಂದು ವಿವರಿಸಿ ನೆರವಾದಾಗ ಶೇಕಡ 47 ಮಂದಿ ಪರೀಕ್ಷೆ ಮಾಡಿಸಿಕೊಂಡರು. ಹಾಗೆ ನೆರವಾಗದಿದ್ದಲ್ಲಿ ಶೇಕಡ 12ರಷ್ಟು ಮಾತ್ರ. ನಮ್ಮಲ್ಲಿ ‘ಅವನಿಗೆ ತಲೆ ಸರಿಯಿಲ್ಲ’ ಎಂದು ಹೊಟ್ಟೆನೋವಿನ ದೂರನ್ನೂ ತಳ್ಳಿಹಾಕುತ್ತಾರೆ. ಈ ಔಷಧಿಗಳಲ್ಲಿ ಕೆಲವು ಮಲಬದ್ಧತೆ ತರುವುದರಿಂದ ಕರುಳಿನ ತೊಂದರೆಯೆಲ್ಲ ಮಾತ್ರೆಯ ಖಾತೆಗೇ ಹೋಗುತ್ತದೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬದಲಾದ ಮಲವಿಸರ್ಜನೆಯ ರೂಢಿ ಕಂಡರೆ ನಿಮ್ಹಾನ್ಸಿನ ಫೈಲು ಇರುವವರನ್ನೂ ಹೊಟ್ಟೆಯ ಡಾಕ್ಟರ ಬಳಿ ಕರೆದುಕೊಂಡು ಹೋಗಿ.

ಮೊದಲಿಂದ ಖಿನ್ನತೆಗೋ ಬೈಪೋಲಾರ್‌ಗೋ ಮಾತ್ರೆ ತೆಗೆದುಕೊಳ್ಳುವವರಿಗೆ ಕೀಮೋ ಶುರುವಾದರೆ ನಾಚಿಕೆಯಿಂದ ಮುಚ್ಚಿಡಬೇಡಿ, ತಾವಾಗಿ ನಿಲ್ಲಿಸಲೂ ಬೇಡಿ; ಎಲ್ಲ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ಕ್ಯಾನ್ಸರ್ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಮೇಷ್ಟರ ಅಣ್ಣನಿಗೆ ಅವರ ವೈದ್ಯರೇ ಭೇದಿಗೆ ಔಷಧಿ ಕೊಟ್ಟು ಕೆಪಸಿಟಬೀನ್ ಪ್ರಮಾಣ ಇಳಿಸಿದರು, ಬೈಯಲಿಲ್ಲವಂತೆ. ಕಾಮೆಂಟಿನಲ್ಲಿ ಲಿಥಿಯಂ ಎಷ್ಟು ಮಿಲಿಗ್ರಾಂ ಎಂದು ಕೇಳಬೇಡಿ, ಹೇಳುವುದಿಲ್ಲ.